ಶಹಾಬಾದ್ ಕಲ್ಲಿನ ಮನೆಯಲ್ಲಿ ನಮ್ಮ ಮೊದಲ ಡೆತ್ ಮೆಟಲ್ ಆಲ್ಬಂ

ಕಲಬುರಗಿಯ ಹಳೆಯ ಮನೆಗಳಲ್ಲಿ ಕಾಲಿಟ್ಟಲ್ಲೆಲ್ಲ ಶಹಾಬಾದ್ ಕಲ್ಲು. ಬೇಸಿಗೆಯಲ್ಲಿ ಅಂಗಾಲಿಗೆ ತಂಪು, ಡ್ರಮ್ಸಿಗೆ ಮಾತ್ರ ವೈರಿ. ನಮ್ಮದು ಡೆತ್ ಮೆಟಲ್, ಅಬ್ಬರದ ಗಿಟಾರ್, ಗುಡುಗುವ ದನಿಯ ಸಂಗೀತ. ಹಾಡುಗಳ ವೇಗ 200 ಬಿಪಿಎಂ, ಅಂದರೆ ನಿಮಿಷಕ್ಕೆ 200 ತಾಳ, ಆಸುಪಾಸು. ಆ ವೇಗದಲ್ಲಿ ಡಬಲ್ ಬಾಸ್ (ಎರಡೂ ಕಾಲಿನಿಂದ ದೊಡ್ಡ ಕಿಕ್ ಡ್ರಮ್ಮನ್ನು ತಾಳಕ್ಕೆ ನಾಲ್ಕರಂತೆ ಹೊಡೆಯುವುದು) ಓಡುವಾಗ ಒಂದು ಹೊಡೆತಕ್ಕೂ ಮುಂದಿನದಕ್ಕೂ ನಡುವೆ ಉಳಿಯುವುದು 75 ಮಿಲಿಸೆಕೆಂಡ್. ಬರಿಗಲ್ಲಿನ ಖೋಲಿಯಲ್ಲಿ ಸದ್ದು ಅಡಗಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಹೊಡೆತದ ಮೇಲೆ ಹೊಡೆತ ಬಿದ್ದು ಎಲ್ಲ ಕಲಸಿಹೋಗುತ್ತದೆ. ಎಂಟು ಹಾಡುಗಳ ನಮ್ಮ ಮೊದಲ ಆಲ್ಬಂನ ಅರ್ಧ ಕೆಲಸ ಈ ಖೋಲಿಯನ್ನು ಪಳಗಿಸುವುದೇ ಆಗಿತ್ತು.

ಹೈದರಾಬಾದ್ ಹತ್ತಿರ, ಅಲ್ಲಿ ಒಳ್ಳೆಯ ಸ್ಟುಡಿಯೊಗಳಿವೆ. ಆದರೂ ಹೋಗಲಿಲ್ಲ. ಡೆತ್ ಮೆಟಲ್ ಬೆಳೆದದ್ದೇ ಊರಿಗೊಂದು ಸದ್ದಾಗಿ. ಫ್ಲಾರಿಡಾದ ಟ್ಯಾಂಪಾದಲ್ಲಿ ಮಾರಿಸೌಂಡ್ ಸ್ಟುಡಿಯೊ ಕೊಟ್ಟ ಚೂಪು ಬೇರೆ. 1990ರ ಸುಮಾರಿಗೆ ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೊದಲ್ಲಿ ಗಿಟಾರ್ ಸದ್ದನ್ನು ಒರಟಾಗಿಸುವ, ಬಾಸ್ ಕಂಪನಿಯ ಎಚ್‌ಎಂ-2 ಪೆಡಲ್‌ನ ಗುಂಡಿಗಳನ್ನೆಲ್ಲ ಪೂರ್ತಿ ತಿರುಗಿಸಿ ಪಡೆದ ಗರಗಸದ ಸದ್ದು ಬೇರೆ. ನಮ್ಮ ಆಲ್ಬಂ ನಮ್ಮ ಊರಿನದಾಗಿಯೇ ಕೇಳಿಸಬೇಕು ಎಂಬ ಹಟ ನನಗಿತ್ತು, ಈಗಲೂ ಇದೆ.

ಮೊದಲು ಗೋಡೆಗಳಿಗೆ ಕೌದಿ ಇಳಿಬಿಟ್ಟೆವು, ಗೋಡೆಗೆ ಅಂಟಿಸದೆ ಒಂದು ಗೇಣು ಜಾಗ ಬಿಟ್ಟು. ಎಷ್ಟೇ ಪದರ ಹೊಲಿದ ಕೌದಿಯಾದರೂ ಅದು ತಡೆಯುವುದು ಸಿಂಬಲ್‌ನ ಚುರುಚುರು ಸದ್ದನ್ನಷ್ಟೆ. ಕಿಕ್ ಡ್ರಮ್‌ನ ಗುಮ್ಮನ್ನು ಹಿಡಿಯಲು ದಪ್ಪ ಬೇಕು. ಅದಕ್ಕೆ ನಾಲ್ಕೂ ಮೂಲೆಗಳಲ್ಲಿ ಹತ್ತಿಯ ಗಾದಿಗಳನ್ನು ಸುರುಳಿ ಸುತ್ತಿ ಮಾಳಿಗೆಯವರೆಗೆ ಪೇರಿಸಿದೆವು. ಇದು ಹತ್ತಿ ಬೆಳೆಯುವ ಸೀಮೆ, ಗಾದಿ ತುಂಬುವವರಿಗೆ ಬರವಿಲ್ಲ. ಡ್ರಮ್ಸ್ ಕೆಳಗೆ ಜಮಖಾನೆ, ಮೇಲೆ ಹಗ್ಗಕ್ಕೆ ಕಟ್ಟಿದ ಇನ್ನೊಂದು ಗಾದಿ. ಡ್ರಮ್ಸ್ ಮೇಲೆ ನಿಲ್ಲುವ ಓವರ್‌ಹೆಡ್ ಮೈಕ್ ಎರಡನ್ನೂ ಸ್ನೇರ್ ಎಂಬ ಚಟ್ಟೆನ್ನುವ ಡ್ರಮ್‌ನ ನಟ್ಟನಡುವಿನಿಂದ ದಾರ ಹಿಡಿದು ಅಳೆದು ಸಮದೂರದಲ್ಲಿ ನಿಲ್ಲಿಸಿದೆವು. ಇಲ್ಲದಿದ್ದರೆ ಸ್ನೇರ್ ಒಂದು ಮೈಕ್‌ಗೆ ಮುಂಚೆ, ಇನ್ನೊಂದಕ್ಕೆ ತಡವಾಗಿ ತಲುಪಿ ಸೊರಗುತ್ತದೆ. ಕಿಕ್‌ಗೆ ಒಳಗೊಂದು ಮೈಕ್, ಹೊಡೆಯುವ ಬೀಟರ್‌ಗೆ ಎದುರಾಗಿ. ಕಂಪ್ಯೂಟರ್‌ನಲ್ಲಿ ಮೊದಲೇ ಹಿಡಿದಿಟ್ಟ ಹೊಡೆತದ ಸದ್ದು (ಸ್ಯಾಂಪಲ್) ಹಾಕಿ ಡ್ರಮ್ಸ್ ಬದಲಿಸುವುದು ಇಂದು ಸಾಮಾನ್ಯ. ನಮಗೆ ಅದು ಬೇಡವಾಗಿತ್ತು: ಬಿಡುವಿಲ್ಲದೆ ಅತಿವೇಗದಲ್ಲಿ ಬಾರಿಸುವ ಬ್ಲಾಸ್ಟ್ ಬೀಟ್‌ನಲ್ಲಿ ಡ್ರಮ್ಮರ್‌ನ ಮಣಿಕಟ್ಟು ದಣಿಯುವುದೂ ಕೇಳಬೇಕು.

ಗಿಟಾರ್ ಹಿಡಿಯುವ ಹೊತ್ತಿಗೆ ಏಪ್ರಿಲ್. ಹೊರಗೆ 42 ಡಿಗ್ರಿ ದಾಟಿದ ಬಿಸಿಲು; ಫ್ಯಾನ್ ಹಾಕಿದರೆ ಮೈಕ್‌ಗೆ ಗಾಳಿ, ಹಾಕದಿದ್ದರೆ ತಂತಿಯ ಶ್ರುತಿ ಜಾರುತ್ತದೆ. ಹಾಗಾಗಿ ನಡುರಾತ್ರಿ ಕಳೆದ ಮೇಲೆಯೇ ಕೆಲಸ. ಆಂಪ್‌ನಲ್ಲಿ 50 ಹರ್ಟ್ಸ್ ಗುಂಯ್‌ಗುಡಿಕೆ ಬೆನ್ನು ಬಿಡಲಿಲ್ಲ. ಕೇಬಲ್ ಬದಲಿಸಿದರೂ ಹೋಗಲಿಲ್ಲ. ಕಾರಣ ಹಿತ್ತಲಲ್ಲಿತ್ತು: ಎರೆ ಮಣ್ಣು ಬಿರುಕು ಬಿಟ್ಟು ಅರ್ಥಿಂಗ್ ಗುಂಡಿ ಒಣಗಿಹೋಗಿತ್ತು. ಎಲೆಕ್ಟ್ರಿಷಿಯನ್ ಬಂದು ಉಪ್ಪು, ಇದ್ದಿಲು ಹೊಸದಾಗಿ ತುಂಬಿ, ದಿನಾ ನೀರು ಹಾಕಲು ಹೇಳಿದರು. ಗುಂಯ್‌ಗುಡಿಕೆ ತಗ್ಗಿತು. ನಮ್ಮ ಸೀಮೆಯಲ್ಲಿ ಯಾರಾದರೂ ಬೇಸಿಗೆಯಲ್ಲಿ ರೆಕಾರ್ಡ್ ಮಾಡುವುದಿದ್ದರೆ ದುಬಾರಿ ಪೆಡಲ್‌ಗೂ ಮುಂಚೆ ಆ ಗುಂಡಿಯನ್ನು ನೋಡಿ.

ಗಿಟಾರ್‌ಗಳು ಬಿ ಶ್ರುತಿಯಲ್ಲಿವೆ. ದಪ್ಪ ತಂತಿ ಸುಮಾರು 62 ಹರ್ಟ್ಸ್‌ಗೆ ಇಳಿಯುತ್ತದೆ, ಕಿಕ್ ಕೂಡ ಅಲ್ಲೇ ಗುದ್ದುತ್ತದೆ. ಆದ್ದರಿಂದ ಮಿಕ್ಸಿಂಗ್‌ನಲ್ಲಿ ಗಿಟಾರ್‌ನ ತಳವನ್ನು 90 ಹರ್ಟ್ಸ್‌ವರೆಗೆ ಕತ್ತರಿಸಿ ಆ ಜಾಗ ಬಾಸ್ ಗಿಟಾರ್ ಮತ್ತು ಕಿಕ್‌ಗೆ ಬಿಟ್ಟೆವು. ಆಂಪ್ ಸದ್ದನ್ನು ಒರಟಾಗಿಸುವ ಗೇನ್ ಕೂಡ ಕಡಿಮೆ. ಗೇನ್ ಹೆಚ್ಚಿಸಿದರೆ ಸದ್ದು ನೊರೆಯಾಗುತ್ತದೆ. ಭಾರ ಹುಟ್ಟುವುದು ಒಂದೇ ರಿಫ್ಫನ್ನು (ಮರುಕಳಿಸುವ ಗಿಟಾರ್ ನುಡಿಯನ್ನು) ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬೇರೆ ಬೇರೆಯಾಗಿ, ಕೂದಲೆಳೆ ತಪ್ಪದಂತೆ ನುಡಿಸಿದಾಗ.

ಹಾಡುವವನು ನಾನೇ, ಸಾಹಿತ್ಯ ಕನ್ನಡದ್ದೇ. ಕಲ್ಲು ಗಣಿ, ಬರ, ಹೂಳು ತುಂಬಿದ ಬಾವಿ, ನಮ್ಮ ಸಾವುಗಳು ಇಲ್ಲಿಯವೇ. ಗ್ರೌಲ್, ಅಂದರೆ ಡೆತ್ ಮೆಟಲ್‌ನ ಗುರುಗುಟ್ಟುವ ದನಿ, ಹೊರಡುವುದು ಗಂಟಲು ಕಿರುಚುವುದರಿಂದಲ್ಲ. ಹೊಟ್ಟೆಯಿಂದ ಉಸಿರು ಒತ್ತಿ, ಧ್ವನಿತಂತುಗಳ ಮೇಲಿರುವ ಮಡಿಕೆಗಳನ್ನು ಅದುರಿಸಬೇಕು. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಅದು ಗ್ರೌಲ್‌ಗೆ ವರ: ಸಾಲಿನ ಕೊನೆಯನ್ನು ಉಸಿರಿರುವವರೆಗೆ ಎಳೆಯಬಹುದು. ಆದರೆ ‘ಇ’, ‘ಎ’ ಬಂದರೆ ಬಾಯಿ ಕಿರಿದಾಗಿ ದನಿ ತೆಳುವಾಗುತ್ತದೆ. ಹಾಗಾಗಿ ಸಾಲುಗಳನ್ನು ‘ಉ’, ‘ಓ’, ‘ಆ’ಗಳಲ್ಲಿ ಮುಗಿಯುವಂತೆ ತಿದ್ದಿ ಬರೆದೆ. ಇದು ತಿಂಗಳುಗಟ್ಟಲೆ ಹಿಡಿದ ಕೆಲಸ, ಆಲ್ಬಂನಲ್ಲಿ ನನಗೆ ಅತ್ಯಂತ ಹೆಮ್ಮೆಯದೂ ಇದೇ.

ಐದನೆಯ ಹಾಡಿಗೆ ಹಲಗಿ ಬೇಕೆನಿಸಿತು. ಮೊಹರಂನಲ್ಲಿ ಅಲಾಯಿ ಕುಣಿಯ (ಬೆಂಕಿಗುಂಡಿಯ) ಸುತ್ತ ಕೇಳುತ್ತಲೇ ಬೆಳೆದ ನಡೆ ಅದು. ವೇಗ ಅರ್ಧಕ್ಕಿಳಿಯುವ ಜಾಗದಲ್ಲಿ ತಾನಾಗಿ ಕೂಡಿಕೊಂಡಿತು. ಹಳ್ಳಿಯಿಂದ ಇಬ್ಬರು ಹಿರಿಯರು ಬಂದರು. ಅಂಗಳದಲ್ಲಿ ಕಸಕಡ್ಡಿ ಉರಿಸಿ ಚರ್ಮ ಕಾಯಿಸಿ ಬಿಗಿ ಮಾಡಿಕೊಂಡರು. ಕಿವಿಯಲ್ಲಿ ತಾಳ ಹೇಳುವ ಕ್ಲಿಕ್ ಟ್ರ್ಯಾಕ್ ಬೇಡವೆಂದರು, ಡ್ರಮ್ಮರ್‌ನನ್ನು ಎದುರಿಗೆ ಕೂರಿಸಿಕೊಂಡರು. ಆ ಭಾಗಕ್ಕಷ್ಟೇ ಕೌದಿಗಳನ್ನೆಲ್ಲ ತೆಗೆದು ಬರಿಗಲ್ಲಿನ ಮೊಳಗನ್ನೇ ಹಿಡಿದೆವು. ನಿಧಾನದ ಹೊಡೆತಕ್ಕೆ ಆ ಖೋಲಿಯಷ್ಟು ಒಳ್ಳೆಯ ಜಾಗ ನಾನು ಕೇಳಿಲ್ಲ.

ಕೊನೆಯ ಹಂತದ ಮಾಸ್ಟರಿಂಗ್‌ನಲ್ಲಿ, ಏರುವ ಸದ್ದನ್ನು ಅದುಮುವ ಲಿಮಿಟರ್ ಹದವಾಗಿಯೇ ಇಟ್ಟೆವು, ಸ್ನೇರ್‌ಗೆ ತಲೆಯೆತ್ತಲು ಜಾಗ ಇರಲಿ ಎಂದು. ಒಟ್ಟು 34 ನಿಮಿಷ. ಕ್ಯಾಸೆಟ್‌ನಲ್ಲಿ ಬದಿಗೆ 17. ಎರಡನೆಯ ಬದಿ ತೆರೆಯುವುದು ಹಲಗಿಯ ಹಾಡಿನಿಂದ.