ಒಂದೇ ಲೈನಿಗೆ ಫೋನು, ಫ್ಯಾಕ್ಸು, ಮೋಡೆಮ್: ಯಾವುದರ ಹಿಂದೆ ಯಾವುದು?

ಫ್ಯಾಕ್ಸ್ ಕಾಲ ಮುಗಿಯಿತು ಅನ್ನುವವರು ಹಳೆಯ ಆಡಿಟರ್ ಕಚೇರಿಯೊಂದಕ್ಕೆ ಹೋಗಿ ನೋಡಬೇಕು. ಒಂದೇ ಲ್ಯಾಂಡ್‌ಲೈನ್ ಮೇಲೆ ಫೋನು, ಫ್ಯಾಕ್ಸು, ಬ್ರಾಡ್‌ಬ್ಯಾಂಡ್ ಮೂರೂ ಇರುತ್ತವೆ. ಫೋನ್ ಎತ್ತಿದರೆ ಇಂಟರ್ನೆಟ್ ಹೋಗುತ್ತದೆ, ಫ್ಯಾಕ್ಸ್ ಅರ್ಧ ಪುಟಕ್ಕೇ ನಿಲ್ಲುತ್ತದೆ ಅನ್ನುವ ದೂರೂ ಇರುತ್ತದೆ. ಸುಮ್ನೆ ಹೊಸ ಯಂತ್ರ ತರಬೇಡಿ. ಮೊದಲು ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ.

ಮಾತು, ಫ್ಯಾಕ್ಸ್ ಎರಡೂ ತಾಮ್ರದ ತಂತಿಯಲ್ಲಿ 4 ಕಿಲೋಹರ್ಟ್ಸ್‌ಗಿಂತ ಕೆಳಗೆ ಓಡುತ್ತವೆ. ಎಡಿಎಸ್‌ಎಲ್, ಅಂದರೆ ಅದೇ ಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್, ಸುಮಾರು 25 ಕಿಲೋಹರ್ಟ್ಸ್‌ನಿಂದ ಮೇಲೆ. ಹಾಗಾಗಿ ಮಾತಾಡುತ್ತಲೇ ಇಂಟರ್ನೆಟ್ ಬಳಸಬಹುದು. ಫೋನಿಗೂ ಫ್ಯಾಕ್ಸಿಗೂ ಮಾತ್ರ ಸರದಿಯೇ ಗತಿ.

ಈ ಎರಡು ದಾರಿಗಳನ್ನು ಬೇರೆ ಮಾಡುವುದು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ. ಹೊರಗಿನ ಫೋನ್ ಲೈನ್ ಬಂದು ಸೇರುವ ಗೋಡೆಯ ರೋಸೆಟ್ ಬಾಕ್ಸಿನಿಂದ ಬರುವ ವೈರನ್ನು ಅದರ ‘ಲೈನ್’ ತೂತಿಗೆ ಸಿಕ್ಕಿಸಿ. ‘ಮೋಡೆಮ್’ ತೂತಿನಿಂದ ನೇರ ಮೋಡೆಮ್‌ಗೆ ಎಳೆಯಿರಿ. ‘ಫೋನ್’ ತೂತಿನ ವೈರು ಫ್ಯಾಕ್ಸ್ ಯಂತ್ರದ ‘ಲೈನ್’ಗೆ ಹೋಗಲಿ. ಫ್ಯಾಕ್ಸಿನ ಬೆನ್ನಲ್ಲೇ ‘ಎಕ್ಸ್‌ಟಿ’ ಅಥವಾ ‘ಟೆಲ್’ ಎಂದು ಬರೆದ ಇನ್ನೊಂದು ತೂತಿರುತ್ತದೆ, ಫೋನ್ ಅಲ್ಲಿಗೆ. ಹೀಗಿದ್ದರೆ ಫ್ಯಾಕ್ಸ್ ಹೋಗುತ್ತಿರುವಾಗ ಯಾರಾದರೂ ರಿಸೀವರ್ ಎತ್ತಿದರೂ ಹೆಚ್ಚಿನ ಯಂತ್ರಗಳು ಫೋನನ್ನು ಲೈನಿನಿಂದ ದೂರ ಇಡುತ್ತವೆ, ಪುಟ ಹಾಳಾಗುವುದಿಲ್ಲ.

ನಿಜವಾದ ಕಳ್ಳ ಸಾಮಾನ್ಯವಾಗಿ ಒಳಗಿನ ಕೋಣೆಯ ಪ್ಯಾರಲಲ್ ಫೋನ್, ಅಂದರೆ ಅದೇ ಲೈನಿಗೆ ಜೋಡಿಸಿದ ಎರಡನೇ ಫೋನ್. ಹತ್ತು ವರ್ಷದ ಹಿಂದೆ ಯಾರೋ ರೋಸೆಟ್‌ನಿಂದಲೇ ಎಳೆದಿಟ್ಟಿರುತ್ತಾರೆ, ಎಲ್ಲರೂ ಮರೆತಿರುತ್ತಾರೆ. ಅದರ ವೈರನ್ನೂ ಸ್ಪ್ಲಿಟರ್‌ನ ‘ಫೋನ್’ ಕಡೆಯಿಂದಲೇ ತೆಗೆಯಿರಿ. ಆಗದಿದ್ದರೆ ಅದಕ್ಕೊಂದು ಬೇರೆ ಫಿಲ್ಟರ್ (ಇಂಟರ್ನೆಟ್ ಸಂಕೇತ ಫೋನಿಗೆ ಹೋಗದಂತೆ ತಡೆಯುವ ಡಬ್ಬಿ) ಹಾಕಿ. ಮೋಡೆಮ್ ಬಿಟ್ಟು ಉಳಿದದ್ದೆಲ್ಲ ಸ್ಪ್ಲಿಟರ್ ಇಲ್ಲವೇ ಫಿಲ್ಟರ್ ದಾಟಿಯೇ ಲೈನಿಗೆ ಸೇರಬೇಕು.

ಈಗ ಪರೀಕ್ಷೆ. ರಿಸೀವರ್ ಎತ್ತಿ, ಯಾರಿಗಾದರೂ ಫೋನ್ ಮಾಡಿ ಮಾತಾಡಿ. ಕೊರಕೊರ ಸದ್ದು ಇರಬಾರದು, ಮೋಡೆಮ್‌ನ ಡಿಎಸ್‌ಎಲ್ ದೀಪ ಮಿಣಮಿಣ ಅನ್ನದೆ ನಿಂತಿರಬೇಕು.

ಇನ್ನು ರಿಂಗ್ ಆದರೆ ಎತ್ತುವವರು ಯಾರು? ಫ್ಯಾಕ್ಸ್ ಕಳಿಸುವ ಯಂತ್ರ 1100 ಹರ್ಟ್ಸ್‌ನ ‘ಬೀಪ್’ ಅನ್ನು ಅರ್ಧ ಸೆಕೆಂಡ್ ಕೂಗಿ, ಮೂರು ಸೆಕೆಂಡ್ ಸುಮ್ಮನಿದ್ದು, ಮತ್ತೆ ಕೂಗುತ್ತದೆ. ‘ಫ್ಯಾಕ್ಸ್/ಟೆಲ್’ ಮೋಡ್‌ನಲ್ಲಿ ನಿಮ್ಮ ಯಂತ್ರವೇ ಕರೆ ಎತ್ತಿ ಇದನ್ನು ಕೇಳಿಸಿಕೊಂಡು ತೀರ್ಮಾನಿಸುತ್ತದೆ. ನನಗೆ ಈ ಮೋಡ್ ಅಷ್ಟು ಇಷ್ಟವಿಲ್ಲ. ಮನುಷ್ಯರು ಫೋನ್ ಮಾಡಿದರೂ ಯಂತ್ರ ಎತ್ತಿಬಿಡುತ್ತದೆ, ಅವರಿಗೆ ಅಲ್ಲಿಂದಲೇ ದುಡ್ಡು ಓಡುತ್ತದೆ, ಅಲ್ವಾ? ಮಾತಿನ ಕರೆ ಜಾಸ್ತಿ ಇರುವ ಕಡೆ ಮ್ಯಾನುಯಲ್ ಮೋಡ್ ವಾಸಿ. ನೀವೇ ಎತ್ತಿ, ಬೀಪ್ ಕೇಳಿದರೆ ಫ್ಯಾಕ್ಸಿನ ‘ಸ್ಟಾರ್ಟ್’ ಒತ್ತಿ, ಆಮೇಲೆ ರಿಸೀವರ್ ಇಡಿ. ಮೊದಲೇ ಇಟ್ಟರೆ ಲೈನ್ ಕಟ್. ಫೋನ್ ದೂರದಲ್ಲಿದ್ದರೆ ಅಲ್ಲಿಂದಲೇ ಒತ್ತುವ ಕೋಡ್ ಇರುತ್ತದೆ. ಬ್ರದರ್ ಕಂಪನಿಯ ಯಂತ್ರಗಳಲ್ಲಿ ಅದು *51, ಉಳಿದವುಗಳದ್ದು ಮ್ಯಾನುಯಲ್ ಪುಸ್ತಕದಲ್ಲಿ ಸಿಗುತ್ತದೆ.

ಕಾಲ್ ವೇಟಿಂಗ್ ಇದ್ದರೆ ತೆಗೆಸಿಬಿಡಿ. ಅದರ ‘ಟುಂಯ್’ ಸದ್ದು ನಡುವೆ ಬಂದರೆ ಫ್ಯಾಕ್ಸ್ ಕೆಡುತ್ತದೆ. ಗುಡುಗು-ಸಿಡಿಲಿನ ದಿನ ಕರೆಂಟ್ ಪ್ಲಗ್ ಕಿತ್ತರೆ ಸಾಲದು, ರೋಸೆಟ್‌ನ ವೈರನ್ನೂ ಕೀಳಬೇಕು.

ಫೈಬರ್ ಬಂದಿದ್ದರೆ ಸ್ಪ್ಲಿಟರ್ ಬೇಡ. ಫೈಬರ್ ಡಬ್ಬಿಯ ಫೋನ್ ತೂತಿನಿಂದ ಫ್ಯಾಕ್ಸಿಗೆ, ಫ್ಯಾಕ್ಸಿನಿಂದ ಫೋನಿಗೆ. ಅಲ್ಲಿ ಪುಟ ನಡುವೆ ನಿಲ್ಲುತ್ತಿದ್ದರೆ ಫ್ಯಾಕ್ಸಿನ ವೇಗವನ್ನು ಸೆಕೆಂಡಿಗೆ 14,400 ಬಿಟ್‌ಗಳಿಂದ 9,600ಕ್ಕೆ ಇಳಿಸಿ ನೋಡಿ.