ಅಕ್ರಿಲಿಕ್ ರಾತ್ರಿದೀಪ: ಹೆಸರಷ್ಟೇ ಬೆಳಗಬೇಕು, ಹಾಳೆಯಲ್ಲ

ಈ ದೀಪವೆಂದರೆ ಮರದ ಪೀಠದಲ್ಲಿ ನಿಲ್ಲಿಸಿದ, ಹೆಸರು ಕೆತ್ತಿದ ಅಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಹಾಳೆ. ಹಾಳೆಯ ಕೆಳ ಅಂಚಿನಿಂದ ಬೆಳಕು ಬಿಟ್ಟರೆ ಅದು ಎರಡೂ ಮೈಗೆ ಬಡಿದು ಪ್ರತಿಫಲಿಸುತ್ತ ಒಳಗೊಳಗೇ ಮೇಲೇರುತ್ತದೆ. ಮೈ ಒರಟಾಗಿರುವ ಕಡೆ ಮಾತ್ರ ಹೊರಗೆ ಚೆಲ್ಲುತ್ತದೆ. ಕೆತ್ತಿದ ಗೆರೆ ಹೊಳೆಯುವುದು ಹೀಗೆ. ಗೀರು, ಧೂಳು, ಬೆರಳಚ್ಚು ಕೂಡ ಹೀಗೆಯೇ ಹೊಳೆಯುತ್ತವೆ.

ಹಾಳೆ 5 ಮಿ.ಮೀ. ದಪ್ಪದ್ದು ಸಾಕು, ಆದರೆ 'ಕಾಸ್ಟ್' ಅಕ್ರಿಲಿಕ್ ಎಂದು ಕೇಳಿ ತನ್ನಿ. ಅಗ್ಗದ 'ಎಕ್ಸ್‌ಟ್ರೂಡೆಡ್' ಹಾಳೆ ಕೆತ್ತುವ ಲೇಸರಿಗೆ ಕರಗಿ ಅಂಟಂಟಾಗುತ್ತದೆ, ಕೆತ್ತನೆ ಮಂಜಿನಂತೆ ಬೆಳ್ಳಗಾಗುವುದಿಲ್ಲ. ಪಿವಿಸಿ ಹಾಳೆಯನ್ನಂತೂ ಲೇಸರಿಗೆ ಹಾಕಲೇಬಾರದು: ವಿಷಾನಿಲ ಬರುತ್ತದೆ, ಯಂತ್ರಕ್ಕೂ ತುಕ್ಕು. ಮನೆಬಳಕೆಯ ನೀಲಿ ಡಯೋಡ್ ಲೇಸರ್ ಪಾರದರ್ಶಕ ಅಕ್ರಿಲಿಕ್ಕನ್ನು ಹಾದುಹೋಗುತ್ತದೆಯೇ ಹೊರತು ಕೆತ್ತುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಲೇಸರ್ ಬೇಕು. ಟ್ರೋಫಿ, ನಾಮಫಲಕ ಮಾಡುವ ಅಂಗಡಿಗಳಲ್ಲಿ ವಿಚಾರಿಸಿ.

ವಿನ್ಯಾಸದಲ್ಲಿ ಕನ್ನಡ ಹೆಸರುಗಳಿಗೆ ಬೇರೆಯೇ ಎಚ್ಚರ ಬೇಕು. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಅಕ್ಷರ ಲೇಸರ್ ತಂತ್ರಾಂಶಕ್ಕೆ ಹೋದಾಗ ಒತ್ತಕ್ಷರ ಕಳಚಿಕೊಳ್ಳುವುದುಂಟು, ಕೃಷ್ಣ ಎಂಬುದು 'ಕೃಷ್‌ಣ' ಆಗಿಬಿಡುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ 'ಆಬ್ಜೆಕ್ಟ್ ಟು ಪಾತ್' ಕೊಟ್ಟು ಅಕ್ಷರವನ್ನು ಗೆರೆಯಾಗಿಸಿ, ಎಸ್‌ವಿಜಿ ಕಡತ ಕಳಿಸಿ. ಒತ್ತಕ್ಷರದ ಗೆರೆಯೂ 0.8 ಮಿ.ಮೀ.ಗಿಂತ ತೆಳುವಾಗದಿರಲಿ, 'ಬಲೂ ತಮ್ಮ'ದಂಥ ದಪ್ಪ ಫಾಂಟ್ ಒಪ್ಪುತ್ತದೆ. ಕೆಳಗಡೆ ದೊಡ್ಡ ಜಾಗ ತುಂಬಿ ಕೆತ್ತಿಸಿದರೆ ಅದೇ ಬೆಳಕನ್ನೆಲ್ಲ ಖಾಲಿಮಾಡಿ ಮೇಲಿನ ಚಿತ್ರ ಮಂಕಾಗುತ್ತದೆ. ಆದ್ದರಿಂದ ಬುಡದಲ್ಲಿ ಬರಿಯ ಹೊರಗೆರೆ, ತುಂಬುಗೆಲಸ ಮೇಲೆ.

ಚಿತ್ರವನ್ನು ಕನ್ನಡಿಬಿಂಬವಾಗಿ ತಿರುಗಿಸಿ ಹಿಂಬದಿಗೆ ಕೆತ್ತಿಸಿ. ಮುಂಬದಿ ನಯವಾಗಿದ್ದು ಒರೆಸಲು ಸುಲಭ. 40 ವಾಟ್ ಯಂತ್ರದಲ್ಲಿ ಶೇ. 15–20 ಶಕ್ತಿ, ಸೆಕೆಂಡಿಗೆ 300 ಮಿ.ಮೀ. ವೇಗದಿಂದ ಶುರುಮಾಡಿ, ಮೊದಲು ಚೂರೊಂದರ ಮೇಲೆ ನೋಡಿ. ಆಳ 0.3 ಮಿ.ಮೀ. ಬಂದರೆ ಸಾಕು. ಕೆಲಸ ಮುಗಿದ ಮೇಲೆ ಸಾಬೂನು ನೀರು, ಮೆತ್ತನೆ ಬಟ್ಟೆ. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಚ್ಚಿದರೆ ಲೇಸರ್ ಕತ್ತರಿಸಿದ ಅಂಚಿನಿಂದ ಕೂದಲೆಳೆಯ ಬಿರುಕುಗಳೇಳುತ್ತವೆ, ಅವನ್ನು ಸರಿಪಡಿಸಲಾಗದು.

ಹಾಳೆ 120 ಮಿ.ಮೀ. ಅಗಲವಿದ್ದರೆ ಕೆಳಗೆ 100 ಮಿ.ಮೀ. ಅಗಲ, 11 ಮಿ.ಮೀ. ಉದ್ದದ ನಾಲಿಗೆ ಬಿಡಿಸಿ. ಎರಡು ಬದಿಯ ಭುಜ ಮರದ ಪೀಠದ ಮೇಲೆ ಕೂತು, ನಾಲಿಗೆ ಇಳಿಯುವ ಸೀಳಿನ ತುದಿಗಳನ್ನು ಮುಚ್ಚುತ್ತದೆ. ಪೀಠಕ್ಕೆ 150 × 60 × 30 ಮಿ.ಮೀ. ತೇಗ ಅಥವಾ ಸಿಲ್ವರ್ ಓಕ್, ಚೆನ್ನಾಗಿ ಒಣಗಿದ್ದು. ಕೆಳಗಿನಿಂದ 12 ಮಿ.ಮೀ. ಅಗಲ, 18 ಮಿ.ಮೀ. ಆಳದ ಕಾಲುವೆ, ಮೇಲಿನಿಂದ ನಾಲಿಗೆಯ ಅಗಲಕ್ಕೆ ಉಳಿದ 12 ಮಿ.ಮೀ. ಸೀಳು ಕೊರೆದು ಅದಕ್ಕೆ ಸೇರಿಸಿ. ಸೀಳಿನ ಅಗಲವನ್ನು ಅಂದಾಜಿಗೆ ಬಿಡಬೇಡಿ. '5 ಮಿ.ಮೀ.' ಹಾಳೆ ನಿಜವಾಗಿ 4.7 ಇರಬಹುದು, 5.2 ಇರಬಹುದು. ವರ್ನಿಯರ್ ಅಳತೆಗೋಲಿನಲ್ಲಿ ಅಳೆದು 0.3 ಮಿ.ಮೀ. ಸೇರಿಸಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಬಿಗಿಯಾಗಿ ತುರುಕಿದ್ದು ಆಗ ಹೊರಬರುವುದಿಲ್ಲ. ಪಾಲಿಶ್ ಅಥವಾ ಮೇಣ ಪೂರ್ತಿ ಒಣಗಿದ ಮೇಲೆಯೇ ಹಾಳೆ ಇಡಿ.

ದೀಪಕ್ಕೆ 5 ವೋಲ್ಟ್‌ನ ವಾರ್ಮ್ ವೈಟ್ ಎಲ್‌ಇಡಿ ಸ್ಟ್ರಿಪ್, ಮೀಟರಿಗೆ 120 ಎಲ್‌ಇಡಿ ಇರುವಂಥದ್ದು, 10 ಸೆಂ.ಮೀ. ಮೀಟರಿಗೆ 60ರದ್ದು ಹಾಕಿದರೆ ಬುಡದಲ್ಲಿ ಚುಕ್ಕೆಚುಕ್ಕೆ ಕಾಣುತ್ತದೆ. ಕತ್ತರಿ ಗುರುತಿರುವಲ್ಲೇ ಕತ್ತರಿಸಿ. ಯುಎಸ್‌ಬಿ ತಂತಿಯ ಕೆಂಪನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಬೆಸೆಯಿರಿ. ಹಸಿರು, ಬಿಳಿ ಇದ್ದರೆ ತುದಿಗೆ ಟೇಪ್ ಸುತ್ತಿ. ಅಂಗಡಿಯವರು 12 ವೋಲ್ಟ್‌ನದ್ದು ಕೊಟ್ಟರೆ ಫೋನ್ ಚಾರ್ಜರಿಗೆ ಅದು ಹತ್ತುವುದೇ ಇಲ್ಲ.

ಸ್ಟ್ರಿಪ್ಪನ್ನು 12 ಮಿ.ಮೀ. ಅಗಲ, 15 ಮಿ.ಮೀ. ದಪ್ಪದ ಮರದ ಪಟ್ಟಿಗೆ ಅಂಟಿಸಿ ಕೆಳಗಿನಿಂದ ಕಾಲುವೆಗೆ ತಳ್ಳಿ, ಎರಡು ಸ್ಕ್ರೂ ಹಾಕಿ. ಎಲ್‌ಇಡಿಗೂ ನಾಲಿಗೆಗೂ ನಡುವೆ 1–2 ಮಿ.ಮೀ. ಸಂದು ಉಳಿಯುತ್ತದೆ, 5 ಮಿ.ಮೀ. ಆದರೆ ಅರ್ಧ ಬೆಳಕು ಮರದ ಪಾಲು. ತಂತಿ ಹೊರಡುವ ಕಡೆ ಗಂಟು ಹಾಕಿ, ಇಲ್ಲವಾದರೆ ಯಾರಾದರೂ ಎಳೆದಾಗ ಬೆಸುಗೆ ಕಿತ್ತುಬರುತ್ತದೆ.

ಹಚ್ಚಿದಾಗ ಹೆಸರು ಮಂಕಾಗಿದ್ದರೆ ಮೊದಲು ನಾಲಿಗೆಯ ಕೆಳ ಅಂಚು ನೋಡಿ. ಲೇಸರ್ ಕತ್ತರಿಸಿದ್ದು ಗಾಜಿನಂತಿರುತ್ತದೆ. ಗರಗಸದ್ದಾದರೆ 400, 800, 1200ರ ಸ್ಯಾಂಡ್‌ಪೇಪರ್‌ನಿಂದ ನೀರು ಹಚ್ಚಿ ಉಜ್ಜಬೇಕು. ಸೀಳಿನ ಸುತ್ತ ಬೆಳಕು ಸೋರಿ ಕಣ್ಣಿಗೆ ಹೊಡೆಯುತ್ತಿದ್ದರೆ ಒಳಗೋಡೆಗೆ ಕಪ್ಪು ಬಣ್ಣ ಬಳಿಯಿರಿ.