ಕನ್ಸಲ್ಟೆಂಟ್ ಟೆಂಡರ್: ತಡ ಆಗುತ್ತಿದ್ದದ್ದು ಎಲ್ಲಿ, ಸರಿ ಮಾಡಿದ್ದು ಹೇಗೆ

ಸರ್ಕಾರಿ ಕಚೇರಿಯ ಖರೀದಿ ಶಾಖೆಯಲ್ಲಿ ನಾನು ಬಹಳ ಕಾಲ ಕೆಲಸ ಮಾಡಿದ್ದೇನೆ. ಕುರ್ಚಿ, ಕಂಪ್ಯೂಟರ್ ಕೊಳ್ಳುವ ಕಡತಗಳು ಹೇಗೋ ಮುಂದೆ ಸಾಗುತ್ತಿದ್ದವು. ಆರ್ಕಿಟೆಕ್ಟ್, ಆಡಿಟರ್, ಸಾಫ್ಟ್‌ವೇರ್ ಸಲಹೆಗಾರ, ಸಮೀಕ್ಷೆ ಮಾಡುವ ಸಂಸ್ಥೆ, ಇಂಥವರನ್ನು ನೇಮಿಸುವ ಕಡತ ಬಂತೆಂದರೆ ಮಾತ್ರ ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ಅಲೆದಾಟ. ನಿಯಮ ಜಾಸ್ತಿ, ಅದಕ್ಕೇ ತಡ ಅಂತ ಎಲ್ಲರೂ ಬೈಯುತ್ತಿದ್ದರು.

ಮುಗಿದ ಕೆಲವು ಕಡತಗಳನ್ನು ಹೊರತೆಗೆದು, ಟಿಪ್ಪಣಿ ಹಾಳೆಯ ದಿನಾಂಕಗಳನ್ನು ಸಾಲಾಗಿ ಬರೆದು ನೋಡಿದೆವು. ಟೆಂಡರ್ ಪ್ರಕಟವಾಗಿ ಬಿಡ್, ಅಂದರೆ ಸಂಸ್ಥೆಗಳು ಸಲ್ಲಿಸಿದ ಪ್ರಸ್ತಾವ, ತೆರೆಯುವವರೆಗಿನ ಅವಧಿಯನ್ನು ನಿಯಮವೇ ಕಡ್ಡಾಯ ಮಾಡಿದೆ. ಅದು ಒಟ್ಟು ಸಮಯದಲ್ಲಿ ಸಣ್ಣ ಪಾಲು. ಹೆಚ್ಚಿನ ಸಮಯ ಹೋಗಿದ್ದು ಅದಕ್ಕೆ ಮುಂಚೆ ಕೆಲಸದ ವಿವರ ಬರೆಯುವಲ್ಲಿ, ಮತ್ತೆ ಆಮೇಲೆ ಬಂದ ಬಿಡ್‌ಗಳಿಗೆ ಅಂಕ ಹಾಕುವಲ್ಲಿ. ಎರಡೂ ನಮ್ಮ ಕೈಯಲ್ಲೇ ಇದ್ದ ಕೆಲಸ.

ಕೆಲಸದ ವಿವರದಿಂದಲೇ ಶುರು ಮಾಡಿದೆವು. ಬೇಡಿಕೆ ಹೀಗೆ ಬರುತ್ತಿತ್ತು: ‘ಸಮೀಕ್ಷೆ ನಡೆಸಿ ವರದಿ ನೀಡುವುದು ಹಾಗೂ ಕಾಲಕಾಲಕ್ಕೆ ಅಗತ್ಯ ನೆರವು ಒದಗಿಸುವುದು.’ ಇದನ್ನು ಓದಿ ಯಾರು ತಾನೇ ದರ ಹಾಕುತ್ತಾರೆ? ಎಷ್ಟು ಮನೆಗಳ ಸಮೀಕ್ಷೆ, ಮನೆಗಳ ಪಟ್ಟಿ ಕೊಡುವವರು ಯಾರು, ಪ್ರಶ್ನಾವಳಿ ಯಾರದ್ದು, ಸಂಗ್ರಹಿಸಿದ ಮೂಲ ದತ್ತಾಂಶ ಕೊನೆಗೆ ಯಾರ ಕೈಗೆ, ಒಂದೂ ಇಲ್ಲ. ‘ಕಾಲಕಾಲಕ್ಕೆ ನೆರವು’ ಎಂದರೆ ಜಾಣ ಸಂಸ್ಥೆ ದರ ಏರಿಸುತ್ತದೆ, ಹೊಸ ಸಂಸ್ಥೆ ಗೊತ್ತಿಲ್ಲದೆ ಕಡಿಮೆ ಹಾಕಿ ಆಮೇಲೆ ಒದ್ದಾಡುತ್ತದೆ. ಹಾಗಾಗಿ ಒಂದೇ ಪುಟದ ನಮೂನೆ ಮಾಡಿದೆವು. ನಮ್ಮ ಕೈಗೆ ಏನು ಬರಬೇಕು, ಅದನ್ನು ಪರಿಶೀಲಿಸಿ ಒಪ್ಪುವವರು ಯಾರು, ಎಷ್ಟು ದಿನದಲ್ಲಿ, ನಾವು ಏನು ಒದಗಿಸುತ್ತೇವೆ. ಇಷ್ಟು ತುಂಬದೆ ಕಡತವನ್ನು ಶಾಖೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಮೊದಮೊದಲು ಜಗಳವೇ ಆಯಿತು.

ಇನ್ನೊಂದು ಚಾಳಿ, ಹಳೇ ಟೆಂಡರ್‌ನಿಂದ ಅರ್ಹತೆಯ ಷರತ್ತುಗಳನ್ನು ನಕಲು ಮಾಡಿ ಅಂಟಿಸುವುದು. ದೊಡ್ಡ ಕಾಮಗಾರಿಗೆ ಬರೆದ ವಾರ್ಷಿಕ ವಹಿವಾಟಿನ ಮಿತಿ ಪುಟ್ಟ ಅಧ್ಯಯನದ ಟೆಂಡರ್‌ಗೂ ಬಂದು ಕೂರುತ್ತದೆ. ಅಲ್ಲಿಗೆ ನಾಲ್ಕೈದು ಜನ ತಜ್ಞರಿರುವ ಚೊಕ್ಕ ಸಂಸ್ಥೆಗಳೆಲ್ಲ ಹೊರಗೆ. ಒಂದೇ ಬಿಡ್ ಬರುತ್ತದೆ, ಮರುಟೆಂಡರ್ ಆಗುತ್ತದೆ, ತಡ ಆಯಿತು ಅಂತ ಮತ್ತೆ ನಿಯಮಕ್ಕೆ ಬೈಗುಳ! ಪ್ರತಿ ಷರತ್ತಿನ ಪಕ್ಕ ‘ಈ ಕೆಲಸಕ್ಕೆ ಇದು ಯಾಕೆ ಬೇಕು’ ಎಂದು ಒಂದು ಸಾಲು ಬರೆಯಬೇಕು ಎಂದೆವು. ಬರೆಯಲಾಗದ ಷರತ್ತುಗಳು ತಾವಾಗಿಯೇ ಉದುರಿದವು.

ಇನ್ನು ಆಯ್ಕೆಯ ವಿಧಾನ. ಎಲ್ಲದಕ್ಕೂ ಎಲ್-1, ಅಂದರೆ ಕಡಿಮೆ ದರದವರಿಗೇ ಕೆಲಸ ಎನ್ನುವುದು ನಮ್ಮಲ್ಲಿ ಸುರಕ್ಷಿತ ದಾರಿ. ಆಡಿಟ್ ಆಕ್ಷೇಪಣೆ ಬರುವುದಿಲ್ಲ, ಅಲ್ವಾ? ವಾಡಿಕೆಯ ಲೆಕ್ಕಪರಿಶೋಧನೆಯಂಥ ಕೆಲಸಕ್ಕೆ ಇದು ಸರಿಯೇ. ಕನಿಷ್ಠ ತಾಂತ್ರಿಕ ಅಂಕ, ಅಂದರೆ ಗುಣಮಟ್ಟಕ್ಕೆ ಕೊಡುವ ಅಂಕ, ದಾಟಿದವರಲ್ಲಿ ಕಡಿಮೆ ದರದವರನ್ನು ತೆಗೆದುಕೊಂಡರೆ ಸಾಕು. ವಿನ್ಯಾಸದ ಕೆಲಸ ಹಾಗಲ್ಲ. ಅಲ್ಲಿ ಶುಲ್ಕದಲ್ಲಿ ಉಳಿಸಿದ್ದು ಕಟ್ಟುವಾಗ ಹತ್ತು ಪಟ್ಟಾಗಿ ಹೋಗಬಹುದು. ಅಮೆರಿಕದ ಒಕ್ಕೂಟ ಸರ್ಕಾರ 1972ರ ಬ್ರೂಕ್ಸ್ ಕಾಯ್ದೆಯಿಂದ ಆರ್ಕಿಟೆಕ್ಟ್ ಮತ್ತು ಎಂಜಿನಿಯರ್‌ಗಳನ್ನು ಅರ್ಹತೆಯ ಮೇಲೆಯೇ ಆರಿಸಿ, ಮೊದಲ ಸ್ಥಾನದವರ ಜೊತೆ ಶುಲ್ಕದ ಮಾತುಕತೆ ಮಾಡುತ್ತದೆ. ನಮಗೆ ಅಷ್ಟು ದೂರ ಹೋಗುವ ಅಧಿಕಾರ ಇರಲಿಲ್ಲ. ವಿಶ್ವಬ್ಯಾಂಕಿನ ಯೋಜನೆಗಳಲ್ಲಿ ಬಳಕೆಯಲ್ಲಿರುವ ಕ್ಯೂಸಿಬಿಎಸ್, ಅಂದರೆ ಗುಣಮಟ್ಟ ಮತ್ತು ವೆಚ್ಚ ಎರಡನ್ನೂ ನೋಡಿ ಆರಿಸುವ ವಿಧಾನ, ಹಿಡಿದೆವು. ಗುಣಮಟ್ಟಕ್ಕೂ ದರಕ್ಕೂ ಬೇರೆ ಬೇರೆ ತೂಕ ಕೊಟ್ಟು, ಎರಡನ್ನೂ ಕೂಡುವುದು.

ಇಲ್ಲಿ ತೂಕದ ಪ್ರಶ್ನೆ ಬಲು ಸೂಕ್ಷ್ಮ. ಮೇಲಧಿಕಾರಿಗಳಿಗೆ ಬಿಡಿಸಿ ಹೇಳಲು ಒಂದು ಲೆಕ್ಕ ಹಾಕಿ ತೋರಿಸಿದೆ. ಮೊದಲ ಸಂಸ್ಥೆಗೆ ತಾಂತ್ರಿಕ ಅಂಕ 90, ದರ 120. ಎರಡನೆಯದಕ್ಕೆ ಅಂಕ 78, ದರ 80. ಕಡಿಮೆ ದರಕ್ಕೆ 100 ಅಂಕ, ಇನ್ನೊಂದಕ್ಕೆ ಅದೇ ಅನುಪಾತದಲ್ಲಿ 66.7. ಗುಣಮಟ್ಟಕ್ಕೂ ದರಕ್ಕೂ ತೂಕ 70:30 ಇದ್ದರೆ ಮೊದಲನೆಯದಕ್ಕೆ 83, ಎರಡನೆಯದಕ್ಕೆ 84.6. ಎರಡನೆಯದೇ ಗೆದ್ದಿತು. ಅದೇ 80:20 ಮಾಡಿ: ಮೊದಲನೆಯದಕ್ಕೆ 85.3, ಎರಡನೆಯದಕ್ಕೆ 82.4. ಫಲಿತಾಂಶವೇ ತಿರುಗಿತು! ತೂಕ ಎಷ್ಟು, ಯಾಕೆ ಅಷ್ಟು ಎಂಬುದು ಟೆಂಡರ್ ಪ್ರಕಟಣೆಗೆ ಮುಂಚೆಯೇ ಕಡತದಲ್ಲಿ ಇರಬೇಕು ಎಂಬುದಕ್ಕೆ ಆಮೇಲೆ ಯಾರೂ ತಕರಾರು ತೆಗೆಯಲಿಲ್ಲ.

ಅಂಕ ಹಾಕುವಾಗಲೂ ಒಂದು ಶಿಸ್ತು ತಂದೆವು. ಮುಂಚೆ ಸಮಿತಿ ಸೇರುತ್ತಿತ್ತು, ಹಿರಿಯರು ಒಂದು ಅಂಕ ಹೇಳುತ್ತಿದ್ದರು, ಉಳಿದವರು ಅದರ ಅಕ್ಕಪಕ್ಕವೇ ಬರೆಯುತ್ತಿದ್ದರು. ಈಗ ಪ್ರತಿ ಸದಸ್ಯರೂ ತಮ್ಮ ಪಾಡಿಗೆ ಕೂತು ಅಂಕ ಹಾಕಿ, ಕಾರಣ ಬರೆದು, ಸಹಿ ಮಾಡಿ ತರುತ್ತಾರೆ. ಸಭೆಯಲ್ಲಿ ವ್ಯತ್ಯಾಸ ದೊಡ್ಡದಿರುವ ಕಡೆ ಮಾತ್ರ ಚರ್ಚೆ. ‘ಉತ್ತಮ ವಿಧಾನ’ ಎಂದು ಸುಮ್ನೆ ಬರೆದರೆ ಆಗದು. ಎಷ್ಟು ಅಂಕಕ್ಕೆ ಏನಿರಬೇಕು ಎಂಬ ಕೋಷ್ಟಕ ಟೆಂಡರ್ ದಾಖಲೆಯಲ್ಲೇ ಇರುತ್ತದೆ. ದರದ ಲಕೋಟೆ ತೆರೆಯುವುದು ತಾಂತ್ರಿಕ ಅಂಕ ಪ್ರಕಟವಾದ ಮೇಲೆಯೇ.

ಪದೇ ಪದೇ ಬೇಕಾಗುವ ಸಣ್ಣ ಕೆಲಸಗಳಿಗೆ ಚೌಕಟ್ಟು ಒಪ್ಪಂದ ಮಾಡಿಕೊಂಡೆವು. ಒಮ್ಮೆ ಪೂರ್ತಿ ಸ್ಪರ್ಧೆ ನಡೆಸಿ ಕೆಲವು ಸಂಸ್ಥೆಗಳ ಪಟ್ಟಿ ಮಾಡುವುದು, ಕೆಲಸ ಬಂದಾಗ ಅವರ ನಡುವೆ ಮಾತ್ರ ಚಿಕ್ಕ ಸ್ಪರ್ಧೆ. ಸಮಯ ಅತಿ ಹೆಚ್ಚು ಉಳಿದದ್ದು ಇದರಲ್ಲೇ. ಆದರೆ ಪಟ್ಟಿಗೊಂದು ಗಡುವು ಇಲ್ಲದಿದ್ದರೆ ಅದು ಒಳಗಿನವರ ಕೂಟ ಆಗಿಬಿಡುತ್ತದೆ. ಯುರೋಪಿಯನ್ ಒಕ್ಕೂಟದ 2014ರ ನಿರ್ದೇಶನದಲ್ಲಿ ಇಂಥ ಒಪ್ಪಂದಕ್ಕೆ ಸಾಮಾನ್ಯವಾಗಿ 4 ವರ್ಷದ ಮಿತಿ ಇದೆ. ನಾವು ಅದಕ್ಕಿಂತ ಕಡಿಮೆ ಇಟ್ಟೆವು.

ಕಾರ್ಯಾದೇಶ ಕೊಟ್ಟ ಮೇಲಿನ ಕಾಟ ಬೇರೆ. ಬಿಡ್‌ನಲ್ಲಿ ಘಟಾನುಘಟಿಗಳ ಬಯೋಡೇಟಾ, ಕೆಲಸಕ್ಕೆ ಬರುವವರು ಆಗಷ್ಟೇ ಕಾಲೇಜು ಮುಗಿಸಿದ ಹುಡುಗರು. ಮುಖ್ಯ ತಜ್ಞರನ್ನು ಬದಲಿಸಬೇಕಾದರೆ ಅಷ್ಟೇ ಅರ್ಹತೆಯವರು ಬೇಕು, ನಮ್ಮ ಲಿಖಿತ ಒಪ್ಪಿಗೆಯೂ ಬೇಕು ಎಂಬ ಷರತ್ತು ಹಾಕಿದೆವು. ಅಂಕ ಹಾಕುವ ಮುಂಚೆ ತಂಡದ ಮುಖ್ಯಸ್ಥರನ್ನೇ ಕರೆಸಿ ಮಾತಾಡಿಸುವುದು ಅದಕ್ಕಿಂತ ಪರಿಣಾಮಕಾರಿ.

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಕರಡು ವರದಿ ಕೊಟ್ಟ ಮೇಲೆ ನಮ್ಮವರೇ ಅಭಿಪ್ರಾಯ ಹೇಳದೆ ಇಟ್ಟುಕೊಳ್ಳುತ್ತಾರೆ, ಬಿಲ್ ನಿಲ್ಲುತ್ತದೆ. ನಿಗದಿತ ದಿನದೊಳಗೆ ಉತ್ತರ ಇಲ್ಲದಿದ್ದರೆ ವರದಿ ಒಪ್ಪಿದಂತೆಯೇ ಎಂದು ಬರೆಯಲು ಹೋದಾಗ ಲೆಕ್ಕಪತ್ರ ಶಾಖೆ ಒಪ್ಪಲಿಲ್ಲ. ಅವರ ಅಂಜಿಕೆಯೂ ಸುಳ್ಳಲ್ಲ. ಯಾರೂ ಓದದ ವರದಿಗೆ ಹಣ ಕೊಡುವುದು ಹೇಗೆ? ಸದ್ಯಕ್ಕೆ, ಗಡುವು ಮೀರಿದ ಕರಡುಗಳ ಪಟ್ಟಿಯನ್ನು ಪ್ರತಿ ತಿಂಗಳ ಪರಿಶೀಲನಾ ಸಭೆಯಲ್ಲಿ ಅಧಿಕಾರಿಯ ಪದನಾಮ ಸಮೇತ ಓದುತ್ತೇವೆ.